ನನ್ನ ನಕ್ಷೆಯಲ್ಲಿ ಬಂಡೆ ನಡೆಯುತ್ತಿದೆ! ಗ್ರೀನ್‌ಲ್ಯಾಂಡ್ ಮಂಜಿನ ವೇಗ ಅಳೆಯಲು ಹೋಗಿ ಸಿಕ್ಕಿಬಿದ್ದಿದ್ದೇನೆ

ಮುದ್ದೆ_ರೇಡಾರ್ · ಶನಿವಾರ, ರಾತ್ರಿ 11:40

ಕೆಂಗೇರಿಯಲ್ಲಿ ಮೂರು ದಿನದಿಂದ ಜಡಿಮಳೆ. ಮನೆಯೊಳಗೆ ಕೂತು ಕೂತು ಬೇಜಾರಾಗಿ ಒಂದು ಹುಚ್ಚು ಕೆಲಸಕ್ಕೆ ಕೈ ಹಾಕಿದೆ. ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಯಲ್ಲಿ ಯಾಕೊಬ್ಸ್‌ಹಾವನ್ ಅಂತ ಒಂದು ಹಿಮನದಿ ಇದೆ. ಅಲ್ಲಿನವರು ಸೆರ್ಮೆಕ್ ಕುಯಾಲೆಕ್ ಎನ್ನುತ್ತಾರೆ. ಲ್ಯಾಂಡ್‌ಸ್ಯಾಟ್ 8 ಉಪಗ್ರಹದ ಚಿತ್ರಗಳು ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತವೆ. 2015ರ ಆಗಸ್ಟಿನ ಎರಡು ಚಿತ್ರ ಇಳಿಸಿಕೊಂಡೆ. ಎರಡರ ನಡುವೆ ಏಳು ದಿನದ ಅಂತರ.

ಲೆಕ್ಕ ಸರಳ. ಮೊದಲ ಚಿತ್ರದ ಒಂದು ಚಿಕ್ಕ ಚೌಕ ತೆಗೆದುಕೊಳ್ಳುವುದು. ಅದರಲ್ಲಿ ಒಂದಿಷ್ಟು ಬಿರುಕು, ಗೆರೆ ಇರುತ್ತವೆ. ಅದೇ ಗುರುತುಗಳು ಎರಡನೇ ಚಿತ್ರದಲ್ಲಿ ಎಲ್ಲಿಗೆ ಸರಿದಿವೆ ಎಂದು ಹುಡುಕುವುದು. ಸರಿದ ದೂರವನ್ನು ದಿನಗಳಿಂದ ಭಾಗಿಸಿದರೆ ವೇಗ. ಪೈಥಾನ್ ಭಾಷೆಯಲ್ಲಿ ನೂರು ಸಾಲು ಕೋಡು ಬರೆದೆ, ಓಡಿತು. ಖುಷಿಯಾಯಿತು. ಆಮೇಲೆ ನಕ್ಷೆ ನೋಡಿದೆ.

ಹಿಮನದಿಯ ನಡುಭಾಗದಲ್ಲಿ ಎಲ್ಲಿ ನೋಡಿದರೂ ದಿನಕ್ಕೆ 17 ಮೀಟರ್. ಒಂದು ಚೂರೂ ಹೆಚ್ಚಿಲ್ಲ. ಆದರೆ ಇದೇ ಹಿಮನದಿ 2012ರ ಬೇಸಿಗೆಯಲ್ಲಿ ದಿನಕ್ಕೆ 46 ಮೀಟರ್ ಹರಿದಿತ್ತು ಎಂದು ಓದಿದ್ದೇನೆ. ಅದಕ್ಕಿಂತ ದೊಡ್ಡ ತಮಾಷೆ ಅಂದರೆ ಪಕ್ಕದ ಬರೀ ಬಂಡೆಯ ಗುಡ್ಡಗಳು. ಅವೂ ಏಳು ದಿನದಲ್ಲಿ 10 ಮೀಟರ್ ಪಶ್ಚಿಮಕ್ಕೆ ಹೋಗಿವೆ. ಈ ಲೆಕ್ಕದಲ್ಲಿ ಗ್ರೀನ್‌ಲ್ಯಾಂಡಿನ ಗುಡ್ಡ ವರ್ಷಕ್ಕೆ ಅರ್ಧ ಕಿಲೋಮೀಟರ್ ವಾಕಿಂಗ್ ಮಾಡುತ್ತದೆ.

ಎಲ್ಲಿ ಎಡವಿದೆ, ಯಾರಾದರೂ ಹೇಳುತ್ತೀರಾ?

ಪೀಣ್ಯ_ಪಿಕ್ಸೆಲ್ · ಶನಿವಾರ, ರಾತ್ರಿ 11:58

ಎರಡು ಪ್ರಶ್ನೆ. ಒಂದು, ಹುಡುಕುವ ವ್ಯಾಪ್ತಿ ಎಷ್ಟು ಪಿಕ್ಸೆಲ್ ಇಟ್ಟಿದ್ದೀರಿ? ಎರಡು, ಲ್ಯಾಂಡ್‌ಸ್ಯಾಟ್ 8 ಒಂದೇ ದಾರಿಗೆ ವಾಪಸ್ ಬರುವುದು 16 ದಿನಕ್ಕೆ. ನಿಮಗೆ ಏಳು ದಿನದ ಜೋಡಿ ಸಿಕ್ಕಿದ್ದು ಹೇಗೆ?

ಮುದ್ದೆ_ರೇಡಾರ್ · ಭಾನುವಾರ, ಬೆಳಗ್ಗೆ 7:10

ವ್ಯಾಪ್ತಿ 8 ಪಿಕ್ಸೆಲ್. ಕಪ್ಪು-ಬಿಳುಪಿನ ಪ್ಯಾನ್ ಬ್ಯಾಂಡ್, ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 15 ಮೀಟರ್. ಧ್ರುವದ ಹತ್ತಿರ ಅಕ್ಕಪಕ್ಕದ ದಾರಿಗಳು ಒಂದರ ಮೇಲೊಂದು ಬೀಳುತ್ತವಲ್ಲ, ಹಾಗಾಗಿ ಪಕ್ಕದ ದಾರಿಯ ಚಿತ್ರ ಸೇರಿಸಿಕೊಂಡೆ. ಬೇಗ ಬೇಗ ಸಿಕ್ಕರೆ ಒಳ್ಳೆಯದು ಅಂದುಕೊಂಡೆ.

ಪೀಣ್ಯ_ಪಿಕ್ಸೆಲ್ · ಭಾನುವಾರ, ಬೆಳಗ್ಗೆ 7:25

ಎರಡೂ ರೋಗ ಸಿಕ್ಕವು.

8 ಪಿಕ್ಸೆಲ್ ಅಂದರೆ 120 ಮೀಟರ್. ಏಳರಿಂದ ಭಾಗಿಸಿ. 17! ಮಂಜು ದಿನಕ್ಕೆ 17 ಮೀಟರ್ ಹರಿಯುತ್ತಿಲ್ಲ, ನಿಮ್ಮ ಕೋಡು ಅಷ್ಟೇ ದೂರ ಹುಡುಕಿ ಸುಸ್ತಾಗಿ ಕೂತಿದೆ. ಕಳೆದ ಎಮ್ಮೆಯನ್ನು ಹಟ್ಟಿಯೊಳಗೇ ಹುಡುಕಿದ ಹಾಗೆ. ಉತ್ತರ ಯಾವಾಗಲೂ ಒಂದೇ ಗಡಿಗೆ ಬಂದು ನಿಂತರೆ ಮೊದಲು ಬೇಲಿಯ ಮೇಲೆ ಅನುಮಾನ ಪಡಬೇಕು.

ಬಂಡೆ ನಡೆದದ್ದು ಪಕ್ಕದ ದಾರಿಯ ದೆಸೆಯಿಂದ. ಒಂದು ಚಿತ್ರ ಗುಡ್ಡವನ್ನು ಪೂರ್ವದಿಂದ ನೋಡಿದೆ, ಇನ್ನೊಂದು ಪಶ್ಚಿಮದಿಂದ. ಆ ಓರೆ ನೋಟವನ್ನು ನೆಲದ ಎತ್ತರದ ನಕ್ಷೆ ಬಳಸಿ ಸರಿ ಮಾಡಿರುತ್ತಾರೆ. ಆ ಎತ್ತರವೇ ತಪ್ಪಿದ್ದರೆ ಗುಡ್ಡ ಎರಡು ಚಿತ್ರದಲ್ಲಿ ಎರಡು ಕಡೆ ಕೂರುತ್ತದೆ. ಸುಮಾರು 10 ಮೀಟರ್ ವ್ಯತ್ಯಾಸ ಆರಾಮಾಗಿ ಬರುತ್ತದೆ. ಮಂಜಿನ ಮೇಲೆ ಇನ್ನೂ ಕಷ್ಟ. ಯಾಕೊಬ್ಸ್‌ಹಾವನ್ ಮೂತಿಯ (ಸಮುದ್ರ ಸೇರುವ ತುದಿಯ) ಹತ್ತಿರ ಮಂಜು ನೂರು ಮೀಟರಿಗೂ ಜಾಸ್ತಿ ತೆಳುವಾಗಿದೆ. ಹಳೇ ಎತ್ತರದ ನಕ್ಷೆಗೆ ಅದು ಗೊತ್ತಿಲ್ಲ.

ಒಂದೇ ದಾರಿಯ 16 ದಿನದ ಜೋಡಿ ತೆಗೆದುಕೊಳ್ಳಿ. ಎತ್ತರ ತಪ್ಪಿದ್ದರೂ ಎರಡರಲ್ಲೂ ಒಂದೇ ತರಹ ತಪ್ಪಿರುತ್ತದೆ, ಕಳೆದಾಗ ಹೋಗಿಬಿಡುತ್ತದೆ. ವ್ಯಾಪ್ತಿ 50 ಪಿಕ್ಸೆಲ್ ಇಡಿ. ಮತ್ತೆ ದಯವಿಟ್ಟು ಆ ಬಂಡೆಗಳನ್ನು ನಕ್ಷೆಯಿಂದ ಅಳಿಸಬೇಡಿ. ಅವೇ ನಿಮ್ಮ ತಕ್ಕಡಿ. ನಿಂತಿರಬೇಕಾದದ್ದು ನಿಂತಿದೆಯಾ ಅಂತ ನೋಡದೆ ಹರಿಯುವುದರ ಬಗ್ಗೆ ಮಾತಾಡಲು ಆಗುವುದಿಲ್ಲ.

ಸುಮ್ನೆ_ಓದುವವ · ಭಾನುವಾರ, ಬೆಳಗ್ಗೆ 8:02

ಈ ವೇದಿಕೆಯಲ್ಲಿ ನನ್ನ ಮೊದಲ ಪ್ರಶ್ನೆ, ನಗಬೇಡಿ. ಮಂಜುಗಡ್ಡೆ ಗಟ್ಟಿ ವಸ್ತು ಅಲ್ವಾ? ಫ್ರಿಜ್ಜಿನ ಐಸ್ ಹರಿದದ್ದನ್ನು ನಾನು ನೋಡಿಲ್ಲ. ಕರಗಿದ ಮೇಲೆ ನೀರು ಹರಿಯುತ್ತದೆ, ಅದು ಬೇರೆ.

ಬಸವನಗುಡಿ_ಮೇಷ್ಟ್ರು · ಭಾನುವಾರ, ಬೆಳಗ್ಗೆ 9:15

ನಗುವ ಪ್ರಶ್ನೆ ಅಲ್ಲ. ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟೆ. ಇದನ್ನು ಕೇಳಿದ ಹುಡುಗರು ಇಬ್ಬರೋ ಮೂವರೋ.

ಕಾವಲಿಯ ನಡುವೆ ದೋಸೆ ಹಿಟ್ಟು ಸುರಿದು ಸೌಟು ಮುಟ್ಟಿಸದೆ ಬಿಡಿ. ತನ್ನ ಭಾರಕ್ಕೆ ತಾನೇ ಅಂಚಿನ ಕಡೆ ಹರಡುತ್ತದೆ. ಅಂಟಾರ್ಕ್ಟಿಕಾ ಅಂಥ ಒಂದು ಕಾವಲಿ. ವಿಸ್ತಾರ ಸುಮಾರು 1.4 ಕೋಟಿ ಚದರ ಕಿಲೋಮೀಟರ್. ಮಂಜಿನ ದಪ್ಪ ಸರಾಸರಿ ಎರಡು ಕಿಲೋಮೀಟರಿನ ಆಸುಪಾಸು, ಕೆಲವು ಕಡೆ ನಾಲ್ಕೂವರೆಗೂ ಮೇಲೆ. ನಡುವೆ ಹಿಮ ಬೀಳುತ್ತಲೇ ಇರುತ್ತದೆ, ಅಂಚಿನಲ್ಲಿ ಸಮುದ್ರಕ್ಕೆ ಸುರಿಯುತ್ತಲೇ ಇರುತ್ತದೆ. ಫ್ರಿಜ್ಜಿನ ಐಸಿಗೆ ಆ ಭಾರವೂ ಇಲ್ಲ, ಅಷ್ಟು ಕಾಲವೂ ಇಲ್ಲ.

ಆದರೆ ಹಿಟ್ಟಿಗೂ ಮಂಜಿಗೂ ಒಂದು ವ್ಯತ್ಯಾಸ ಇದೆ. 1950ರ ದಶಕದಲ್ಲಿ ಜಾನ್ ಗ್ಲೆನ್ ಎಂಬ ವಿಜ್ಞಾನಿ ಕೇಂಬ್ರಿಡ್ಜಿನಲ್ಲಿ ಮಂಜಿನ ತುಂಡುಗಳ ಮೇಲೆ ಭಾರ ಹೇರಿ ನೋಡಿದರು. ಒತ್ತಡ ಎರಡರಷ್ಟಾದರೆ ಮಂಜು ಆಕಾರ ಬದಲಿಸುವ ವೇಗ ಎರಡರಷ್ಟಲ್ಲ, ಹೆಚ್ಚು ಕಡಿಮೆ ಎಂಟರಷ್ಟಾಗುತ್ತದೆ. ಎರಡರ ಘನ ಎಂಟು. ಈ ಮೂರು ಎಂಬ ಘಾತವನ್ನು ಇಟ್ಟುಕೊಂಡೇ ದಶಕಗಳಿಂದ ಲೆಕ್ಕ ನಡೆದಿದೆ.

ಇದರ ಜೊತೆ ಜಾರುವಿಕೆ. ತಳದಲ್ಲಿ ನೀರು, ಕೆಸರು ಇದ್ದರೆ ಇಡೀ ಮಂಜಿನ ರಾಶಿಯೇ ಜಾರುತ್ತದೆ. ಹಾಗಾಗಿ ಒಳನಾಡಿನಲ್ಲಿ ವರ್ಷಕ್ಕೆ ಒಂದೆರಡು ಮೀಟರ್ ಸರಿಯುವ ಮಂಜು, ಅಲ್ಲಿನ ಪೈನ್ ಐಲ್ಯಾಂಡ್ ಹಿಮನದಿಯ ತುದಿಯಲ್ಲಿ ವರ್ಷಕ್ಕೆ ಸುಮಾರು 4 ಕಿಲೋಮೀಟರ್ ಓಡುತ್ತದೆ.

ಅನುಮಾನ_ಪೆಟ್ಟಿಗೆ · ಭಾನುವಾರ, ಬೆಳಗ್ಗೆ 10:30

ಮಂಜು ಯಾವತ್ತೂ ಹರಿಯುತ್ತಿತ್ತು, ಇವತ್ತೂ ಹರಿಯುತ್ತಿದೆ. ಕರಗಿದರೆ ತಾನೇ ಸಮುದ್ರ ಏರುವುದು? ವೇಗ ಅಳೆದು ಏನು ಸಾಧಿಸುತ್ತೀರಿ? ಅದೂ ಅಲ್ಲದೆ ನಿಮ್ಮ ಯಾಕೊಬ್ಸ್‌ಹಾವನ್ 2016ರ ನಂತರ ನಿಧಾನ ಆಯಿತಂತೆ. ಅದನ್ನು ಯಾರೂ ಹೇಳುವುದಿಲ್ಲ. ನಾವಿರುವುದು ಸಮುದ್ರದಿಂದ 900 ಮೀಟರ್ ಮೇಲೆ, ಬೆಳ್ಳಂದೂರಿನಲ್ಲಿ ಮೊಣಕಾಲುದ್ದ ನೀರು ನಿಲ್ಲುವುದಕ್ಕೆ ಅಂಟಾರ್ಕ್ಟಿಕಾ ಕಾರಣ ಅಲ್ಲ.

ಹೆಬ್ಬಾಳದ_ಹಿಮಹಕ್ಕಿ · ಭಾನುವಾರ, ಬೆಳಗ್ಗೆ 11:20

ಬೆಳ್ಳಂದೂರಿನ ವಿಷಯ ಒಪ್ಪಿದೆ. ಉಳಿದದ್ದಕ್ಕೆ ಉತ್ತರ ಕೊಡುತ್ತೇನೆ. ನನ್ನ ಪಿಎಚ್‌ಡಿ ಇದರ ಸುತ್ತಲೇ ಇರುವುದರಿಂದ ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ.

ಅಂಟಾರ್ಕ್ಟಿಕಾದಲ್ಲಿ ಮೇಲ್ಮೈ ಕರಗಿ ನೀರಾಗಿ ಸಮುದ್ರ ಸೇರುವುದು ತುಂಬಾ ಕಡಿಮೆ. ಅಲ್ಲಿ ಅಷ್ಟು ಚಳಿ. ಮಂಜು ಗಟ್ಟಿಯಾಗಿಯೇ ಹರಿದು ಸಮುದ್ರಕ್ಕೆ ಇಳಿಯುತ್ತದೆ. ಅಲ್ಲಿ ಹಲಗೆಯಂತೆ ತೇಲುತ್ತದೆ. ಆಮೇಲೆ ಕೆಳಗಿನಿಂದ ಬೆಚ್ಚಗಿನ ನೀರು ಅದನ್ನು ಕರಗಿಸುತ್ತದೆ, ಇಲ್ಲವೇ ತುಂಡಾಗಿ ಕಳಚಿಕೊಳ್ಳುತ್ತದೆ. ತೇಲುತ್ತಿರುವುದು ಕರಗಿದರೆ ಸಮುದ್ರ ಹೆಚ್ಚೇನೂ ಏರುವುದಿಲ್ಲ, ಲೋಟದ ಐಸ್ ತರಹ. ಸಮುದ್ರ ಏರುವುದು ಮಂಜು ನೆಲ ಬಿಟ್ಟು ತೇಲಲು ಶುರು ಮಾಡುವ ಗೆರೆ ದಾಟಿದಾಗಲೇ. ಅದಕ್ಕೆ ಗ್ರೌಂಡಿಂಗ್ ಲೈನ್ ಎನ್ನುತ್ತಾರೆ. ಆ ಗೆರೆಯಲ್ಲಿ ಮಂಜಿನ ಅಗಲ, ದಪ್ಪ, ವೇಗ ಮೂರನ್ನೂ ಗುಣಿಸಿದರೆ ವರ್ಷಕ್ಕೆ ಎಷ್ಟು ಖರ್ಚು ಅಂತ ಸಿಗುತ್ತದೆ. ಬಿದ್ದ ಹಿಮ ಜಮೆ. ಎರಡನ್ನೂ ಕಳೆದರೆ ಬ್ಯಾಂಕ್ ಪಾಸ್‌ಬುಕ್. ವೇಗ ಇಲ್ಲದೆ ಖರ್ಚಿನ ಕಾಲಂ ಖಾಲಿ.

ಈ ಲೆಕ್ಕವನ್ನು ಬೇರೆ ದಾರಿಯಿಂದ ಪರೀಕ್ಷೆ ಮಾಡಬಹುದು. 2002ರಲ್ಲಿ ಹೋದ ಗ್ರೇಸ್ ಜೋಡಿ ಉಪಗ್ರಹಗಳು ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೊಂದು ಹಾರುತ್ತಿದ್ದವು. ಕೆಳಗೆ ಭಾರ ಹೆಚ್ಚಿದ್ದರೆ ಮುಂದಿನದ್ದು ಮೊದಲು ಎಳೆತಕ್ಕೆ ಸಿಗುತ್ತದೆ, ನಡುವಿನ ಅಂತರ ಕೂದಲೆಳೆಯಷ್ಟು ಬದಲಾಗುತ್ತದೆ. ಅದರಿಂದ ಮಂಜಿನ ತೂಕವನ್ನೇ ಅಳೆದರು. 2018ರಿಂದ ಅವುಗಳ ತಮ್ಮಂದಿರು ಆ ಕೆಲಸ ಮಾಡುತ್ತಿವೆ. ಅವುಗಳ ಪ್ರಕಾರ ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸುಮಾರು 27,000 ಕೋಟಿ ಟನ್, ಅಂಟಾರ್ಕ್ಟಿಕಾ ಸುಮಾರು 15,000 ಕೋಟಿ ಟನ್ ಕಳೆದುಕೊಳ್ಳುತ್ತಾ ಬಂದಿವೆ. ಐಸ್‌ಸ್ಯಾಟ್-2 ಅದೇ 2018ರಲ್ಲಿ ಹೋಯಿತು. ಸೆಕೆಂಡಿಗೆ ಹತ್ತು ಸಾವಿರ ಸಲ ಹಸಿರು ಲೇಸರ್ ಮಿಡಿದು ಎತ್ತರ ಅಳೆಯುತ್ತದೆ. ತೂಕ, ಎತ್ತರ, ಹರಿವು: ಮೂರು ಸಾಕ್ಷಿ, ಮೂರು ಕಡೆಯಿಂದ.

ನಿಧಾನ ಆದ ವಿಷಯ. ನಿಜ, ಆಯಿತು. ಆ ಹಿಮನದಿಯ ಎದುರಿನ ಡಿಸ್ಕೊ ಕೊಲ್ಲಿಯ ನೀರು ಆಗ ತಣ್ಣಗಾಗಿತ್ತು. ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಅಳೆದು ಪ್ರಕಟಿಸಿದವರು ನಾಸಾದವರೇ. ನನಗಂತೂ ಅದು ಭಯ ಕಡಿಮೆ ಮಾಡಲಿಲ್ಲ. ಸಮುದ್ರದ ನೀರು ಒಂದೆರಡು ಡಿಗ್ರಿ ಬದಲಾದರೆ ಇಷ್ಟು ದೊಡ್ಡ ಹಿಮನದಿ ಬ್ರೇಕ್ ಹಾಕುತ್ತದೆ ಅಂದರೆ, ಅದೇ ನೀರು ಬಿಸಿಯಾದಾಗ ಗ್ಯಾಸ್ ಕೊಡುತ್ತದೆ ಅಂತ ಅರ್ಥ.

ಕಾರವಾರದ_ಸೊಸೆ · ಭಾನುವಾರ, ಮಧ್ಯಾಹ್ನ 12:05

ಬೆಂಗಳೂರು 900 ಮೀಟರ್ ಮೇಲಿರಬಹುದು. ನನ್ನ ಅತ್ತೆ ಮನೆಯ ಬಾವಿ ಸಮುದ್ರದಿಂದ ಕೂಗಳತೆಯಲ್ಲಿದೆ.

ಹೆಬ್ಬಾಳದ_ಹಿಮಹಕ್ಕಿ · ಭಾನುವಾರ, ಮಧ್ಯಾಹ್ನ 12:20

ಅದಕ್ಕೆ ಒಂದು ವಿಚಿತ್ರ ಮಾತು ಸೇರಿಸಬೇಕು. ಗ್ರೀನ್‌ಲ್ಯಾಂಡಿನ ಮಂಜು ತನ್ನ ಭಾರದಿಂದ ಸುತ್ತಲಿನ ಸಮುದ್ರವನ್ನು ತನ್ನ ಕಡೆ ಎಳೆದುಕೊಂಡಿರುತ್ತದೆ. ಮಂಜು ಕಮ್ಮಿಯಾದರೆ ಎಳೆತವೂ ಕಮ್ಮಿ. ಹಾಗಾಗಿ ಗ್ರೀನ್‌ಲ್ಯಾಂಡಿನ ಪಕ್ಕದಲ್ಲಿ ಸಮುದ್ರ ಇಳಿಯುತ್ತದೆ, ದೂರದವರ ದಡದಲ್ಲಿ ಏರುತ್ತದೆ. ನಾವು ದೂರದವರು.

ಸುಮ್ನೆ_ಓದುವವ · ಭಾನುವಾರ, ಮಧ್ಯಾಹ್ನ 2:40

ಅಂಟಾರ್ಕ್ಟಿಕಾದಲ್ಲಿ ತಿಂಗಳುಗಟ್ಟಲೆ ರಾತ್ರಿ ಅಲ್ವಾ? ಫೋಟೋ ಹೇಗೆ ತೆಗೆಯುತ್ತಾರೆ?

ಹೆಬ್ಬಾಳದ_ಹಿಮಹಕ್ಕಿ · ಭಾನುವಾರ, ಮಧ್ಯಾಹ್ನ 3:30

ಅದಕ್ಕೇ ರೇಡಾರ್. ತನ್ನ ಬೆಳಕು ತಾನೇ ಹೊತ್ತುಕೊಂಡು ಹೋಗುತ್ತದೆ. ಕತ್ತಲೆ, ಮೋಡ ಎರಡಕ್ಕೂ ಕೇರ್ ಮಾಡುವುದಿಲ್ಲ.

ರೇಡಾರ್ ಅಲೆ ನೆಲಕ್ಕೆ ಬಡಿದು ವಾಪಸ್ ಬಂದಾಗ ಅದು ತನ್ನ ಸುತ್ತಿನ ಯಾವ ಹಂತದಲ್ಲಿದೆ ಎಂದೂ ಉಪಗ್ರಹ ಬರೆದಿಟ್ಟುಕೊಳ್ಳುತ್ತದೆ. ಗಡಿಯಾರದ ನಿಮಿಷದ ಮುಳ್ಳಿನ ತರಹ. ಕೆಲವು ದಿನ ಬಿಟ್ಟು ಅದೇ ಜಾಗದಿಂದ ಮತ್ತೆ ನೋಡಿದಾಗ ಮುಳ್ಳು ಸ್ವಲ್ಪ ತಿರುಗಿದ್ದರೆ, ಮಂಜು ಉಪಗ್ರಹದ ಕಡೆಗೋ ಆಚೆಗೋ ಸರಿದಿದೆ. ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1ರ ಅಲೆಯ ಉದ್ದ ಸುಮಾರು 5.6 ಸೆಂಟಿಮೀಟರ್. ಹೋಗಿ ಬರುವ ದಾರಿ ಎರಡು, ಆದ್ದರಿಂದ ಮಂಜು 2.8 ಸೆಂಟಿಮೀಟರ್ ಸರಿದರೆ ಮುಳ್ಳು ಒಂದು ಪೂರ್ತಿ ಸುತ್ತು. 700 ಕಿಲೋಮೀಟರ್ ಮೇಲಿನಿಂದ ಬೆರಳಿನ ಗೆಣ್ಣಿನಷ್ಟು ದೂರ! 1993ರಲ್ಲಿ ಗೋಲ್ಡ್‌ಸ್ಟೈನ್ ಮತ್ತು ಸಂಗಡಿಗರು ಇಆರ್‌ಎಸ್-1 ಉಪಗ್ರಹದ ದತ್ತಾಂಶದಿಂದ ಅಂಟಾರ್ಕ್ಟಿಕಾದ ರಟ್‌ಫರ್ಡ್ ಮಂಜಿನ ಹೊಳೆಯ ವೇಗವನ್ನು ಹೀಗೆ ಅಳೆದು ತೋರಿಸಿದರು.

ತೊಂದರೆ ಏನೆಂದರೆ ಇದು ಗಂಟೆಯ ಮುಳ್ಳಿಲ್ಲದ ಗಡಿಯಾರ. ಎಷ್ಟು ಸುತ್ತು ಮುಗಿದಿದೆ ಅಂತ ಅದು ಹೇಳುವುದಿಲ್ಲ. ಕದಲದ ಬಂಡೆಯಿಂದ ಶುರು ಮಾಡಿ ಸುತ್ತುಗಳನ್ನು ಒಂದೊಂದಾಗಿ ಎಣಿಸಿಕೊಂಡು ಹೋಗಬೇಕು. ಇಲ್ಲೂ ಬಂಡೆಯೇ ಬೇಕು, ನೋಡಿ. ದಿನಕ್ಕೆ ಹತ್ತಾರು ಮೀಟರ್ ಓಡುವ ಕಡೆ ಎಣಿಕೆ ತಪ್ಪಿ ಎಲ್ಲಾ ಕಲಸುಮೇಲೋಗರ.

ಅಲ್ಲಿ ಬೇರೆ ಉಪಾಯ. ರೇಡಾರ್ ಚಿತ್ರದ ತುಂಬ ಕಾಳು ಕಾಳಾದ ಚುಕ್ಕಿ ಇರುತ್ತದೆ. ಹಳೇ ಮನೆಗಳ ಮೊಸಾಯಿಕ್ ನೆಲ ನೆನಪಿಸಿಕೊಳ್ಳಿ. ಎಲ್ಲಾ ಒಂದೇ ತರಹ ಕಂಡರೂ ಯಾವ ಎರಡು ಜಾಗವೂ ಒಂದೇ ಅಲ್ಲ. ಆ ಚುಕ್ಕಿಗಳ ಗುಂಪು ಎಲ್ಲಿಗೆ ಸರಿಯಿತು ಅಂತ ಹುಡುಕುವುದು. ಮುದ್ದೆ_ರೇಡಾರ್ ಮಾಡಿದ್ದೇ, ಬಿರುಕಿನ ಬದಲು ಚುಕ್ಕಿ. ನಡುವೆ ಹಿಮ ಸುರಿದರೆ ಅಥವಾ ಮೇಲ್ಮೈ ಒದ್ದೆಯಾದರೆ ಚುಕ್ಕಿಗಳೇ ಬದಲಾಗುತ್ತವೆ, ಆ ಜೋಡಿ ಕಸದ ಬುಟ್ಟಿಗೆ. ನಾನು ಹೋದ ತಿಂಗಳು ನಲವತ್ತು ಜೋಡಿ ಎಸೆದೆ.

ಇಡೀ ಅಂಟಾರ್ಕ್ಟಿಕಾದ ಮೊದಲ ಪೂರ್ತಿ ವೇಗದ ನಕ್ಷೆ 2011ರಲ್ಲಿ ಬಂತು. ರಿಗ್ನೋ, ಮೂಜಿನೋ, ಶಾಯ್ಕಲ್ ಎಂಬ ವಿಜ್ಞಾನಿಗಳು ಮಾಡಿದ್ದು. ಯುರೋಪ್, ಕೆನಡಾ, ಜಪಾನ್ ಉಪಗ್ರಹಗಳ ದತ್ತಾಂಶ ಹೊಲಿದು ಮಾಡಿದ ಕೌದಿ ಅದು. ಮೊದಲ ಸಲ ಅದನ್ನು ನೋಡಿದಾಗ ನನಗೆ ಎಲೆಯ ನರ ನೋಡಿದ ಹಾಗಾಯಿತು. ಖಾಲಿ ಬಿಳಿ ಅಂದುಕೊಂಡಿದ್ದ ಒಳನಾಡಿನವರೆಗೂ ಕವಲುಗಳು.

ಪೀಣ್ಯ_ಪಿಕ್ಸೆಲ್ · ಭಾನುವಾರ, ಸಂಜೆ 5:00

ನಾಸಾ-ಇಸ್ರೋ ಜಂಟಿ ರೇಡಾರ್ ಉಪಗ್ರಹ ನೈಸಾರ್ ಬಗ್ಗೆ ಯಾರೂ ಮಾತೆತ್ತಲಿಲ್ಲ, ಅದೂ ಬೆಂಗಳೂರಿನವರು! 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋಯಿತು. ಇಸ್ರೋ ರೇಡಾರ್ ಅಂತ ಒಬ್ಬರು, ನಾಸಾ ರೇಡಾರ್ ಅಂತ ಇನ್ನೊಬ್ಬರು ಜಗಳ ಆಡುತ್ತಾರೆ. ಎರಡೂ ಇವೆ. 24 ಸೆಂಟಿಮೀಟರ್ ಅಲೆಯ ಎಲ್ ಬ್ಯಾಂಡ್ ಅಮೆರಿಕದ ಜೆಪಿಎಲ್ ಎಂಬ ನಾಸಾ ಪ್ರಯೋಗಾಲಯದ್ದು. ಅದಕ್ಕಿಂತ ಚಿಕ್ಕ ಅಲೆಯ ಎಸ್ ಬ್ಯಾಂಡ್ ಅಹಮದಾಬಾದಿನ ಇಸ್ರೋ ಕೇಂದ್ರದ್ದು. ಎರಡನ್ನೂ ಉಪಗ್ರಹಕ್ಕೆ ಕೂಡಿಸಿ ಪರೀಕ್ಷೆ ಮಾಡಿದ್ದು ನಮ್ಮೂರಿನಲ್ಲಿ. ರೇಡಾರ್‌ಗಳು 2023ರ ಮಾರ್ಚಿನಲ್ಲಿ ಅಮೆರಿಕದ ವಾಯುಪಡೆಯ ದೊಡ್ಡ ವಿಮಾನದಲ್ಲಿ ಇಲ್ಲಿಗೆ ಬಂದವು. 12 ಮೀಟರ್ ಅಗಲದ ಬಲೆ ಆಂಟೆನಾವನ್ನು ಮಾತ್ರ ಶಾಖದ ಭಯದಿಂದ ವಾಪಸ್ ಕಳಿಸಿ, ಹೊಸ ಲೇಪ ಹಾಕಿಸಿ, 2024ರ ಅಕ್ಟೋಬರಿನಲ್ಲಿ ಮತ್ತೆ ತರಿಸಿದರು.

ಮಂಜಿನವರಿಗೆ ಅದರಲ್ಲಿ ಮುಖ್ಯ ಮಾತು: ಅದು ಎಡಕ್ಕೆ ನೋಡುತ್ತದೆ. ಬಹುತೇಕ ರೇಡಾರ್ ಉಪಗ್ರಹಗಳು ಬಲಕ್ಕೆ ನೋಡುವುದರಿಂದ ದಕ್ಷಿಣ ಧ್ರುವದ ಸುತ್ತ ದೊಡ್ಡ ತೂತು ಉಳಿಯುತ್ತಿತ್ತು. 1997ರಲ್ಲಿ ಕೆನಡಾದ ರೇಡಾರ್‌ಸ್ಯಾಟ್-1 ಅನ್ನು ಇದಕ್ಕೋಸ್ಕರವೇ ಆಕಾಶದಲ್ಲಿ ತಿರುಗಿಸಿ ಎಡಕ್ಕೆ ನೋಡಿಸಿದ್ದರು. ನೈಸಾರ್ ಹುಟ್ಟಾ ಎಡಚ. 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತದೆ. ಅಲೆ ಉದ್ದ ಇರುವುದರಿಂದ ಹೊಸ ಹಿಮ ಬಿದ್ದರೂ ಗುರುತು ಅಷ್ಟು ಬೇಗ ಅಳಿಯುವುದಿಲ್ಲ. ಆದರೆ ಉದ್ದ ಅಲೆಗೆ ಅಯಾನುಗೋಳದ (ವಾತಾವರಣದ ಮೇಲಿನ, ವಿದ್ಯುತ್ ಕಣಗಳ ಪದರದ) ಕಾಟ ಜಾಸ್ತಿ. ಧ್ರುವಪ್ರಭೆ ಕುಣಿಯುವ ಕಡೆ ಚಿತ್ರದಲ್ಲಿ ಸುಳ್ಳು ಪಟ್ಟೆಗಳು ಬರುತ್ತವೆ. ಪುಕ್ಕಟೆ ಊಟ ಎಲ್ಲೂ ಇಲ್ಲ.

ಬಸವನಗುಡಿ_ಮೇಷ್ಟ್ರು · ಭಾನುವಾರ, ಸಂಜೆ 6:45

ಒಂದು ತಕರಾರು ಇದೆ. 12 ದಿನಕ್ಕೊಮ್ಮೆ ನೋಡಿದರೆ ಸಿಗುವುದು 12 ದಿನದ ಸರಾಸರಿ. ಅಂಟಾರ್ಕ್ಟಿಕಾದ ವಿಲ್ಲನ್ಸ್ ಮಂಜಿನ ಹೊಳೆ ದಿನದ ಬಹುಪಾಲು ಹೆಚ್ಚು ಕಡಿಮೆ ಸುಮ್ಮನೆ ಕೂತಿರುತ್ತದೆ. ಸಮುದ್ರದ ಉಬ್ಬರ ಇಳಿತಕ್ಕೆ ತಕ್ಕಂತೆ ದಿನಕ್ಕೆ ಎರಡು ಸಲ, ಅರ್ಧ ಗಂಟೆಯೊಳಗೆ ಸುಮಾರು ಅರ್ಧ ಮೀಟರ್ ಜಾರುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ ಬಿಟ್ಟ ಹಾಗೆ. ಇದನ್ನು ಕಂಡುಹಿಡಿದದ್ದು ಉಪಗ್ರಹದ ಚಿತ್ರದಿಂದಲ್ಲ. ಮಂಜಿನ ಮೇಲೆ ನೆಟ್ಟ ಜಿಪಿಎಸ್‌ನಿಂದ. ಮೇಲಿನಿಂದ ನೋಡಿದವರಿಗೆ ಅದು ದಿನಕ್ಕೆ ಒಂದು ಮೀಟರ್ ನಿಧಾನವಾಗಿ ಹರಿಯುವ ಸಾಧು ಹೊಳೆ.

ಹೆಬ್ಬಾಳದ_ಹಿಮಹಕ್ಕಿ · ಭಾನುವಾರ, ಸಂಜೆ 7:10

ಒಪ್ಪಿದೆ ಸಾರ್. ಆದರೆ ಜಿಪಿಎಸ್ ನೆಟ್ಟ ಕಡೆ ಮಾತ್ರ ಗೊತ್ತಾಗುತ್ತದೆ. ಎರಡೂ ಬೇಕು.

ನಿಮ್ಮ ಗ್ಲೆನ್ ಲೆಕ್ಕಕ್ಕೂ ಉಪಗ್ರಹದವರು ಈಗ ಕೈ ಹಾಕಿದ್ದಾರೆ. ವೇಗ, ದಪ್ಪ ಎರಡೂ ಗೊತ್ತಿದ್ದರೆ ಪ್ರಯೋಗಾಲಯದ ತುಂಡು ಬಿಟ್ಟು ಅಂಟಾರ್ಕ್ಟಿಕಾವನ್ನೇ ಪ್ರಯೋಗಾಲಯ ಮಾಡಿಕೊಳ್ಳಬಹುದು. 2022ರಲ್ಲಿ ಒಂದು ತಂಡ ತೇಲುವ ಮಂಜಿನ ಹಲಗೆಗಳನ್ನು ನೋಡಿ ಘಾತ ಮೂರಲ್ಲ, ನಾಲ್ಕರ ಹತ್ತಿರ ಎಂದಿತು. 2025ರ ಮಾರ್ಚಿನಲ್ಲಿ ಸ್ಟ್ಯಾನ್‌ಫರ್ಡಿನ ಯೋಂಗ್ಜಿ ವಾಂಗ್, ಚಿಂಗ್-ಯಾವೊ ಲಾಯ್ ಮತ್ತು ಸಂಗಡಿಗರು ಸೈನ್ಸ್ ಪತ್ರಿಕೆಯಲ್ಲಿ ಇನ್ನೂ ಮುಂದೆ ಹೋದರು. ಭೌತಶಾಸ್ತ್ರದ ನಿಯಮ ಕಲಿಸಿದ ಎಐ ಬಳಸಿ ನೋಡಿದರೆ ಹಲಗೆಯ ಬಹುಭಾಗದಲ್ಲಿ ಮಂಜು ಎಲ್ಲಾ ದಿಕ್ಕಿಗೂ ಒಂದೇ ತರಹ ಬಗ್ಗುವುದಿಲ್ಲ. ಉದ್ದಕ್ಕೆ ಒಂದು ಗಡಸು, ಅಡ್ಡಕ್ಕೆ ಇನ್ನೊಂದು. ಕಬ್ಬು ಸೀಳುವುದಕ್ಕೂ ಮುರಿಯುವುದಕ್ಕೂ ವ್ಯತ್ಯಾಸ ಇಲ್ಲವೇ, ಹಾಗೆ.

ಅನುಮಾನ_ಪೆಟ್ಟಿಗೆ · ಭಾನುವಾರ, ರಾತ್ರಿ 8:00

ಎಐ ಅಂದ ಕೂಡಲೇ ನನಗೆ ಅನುಮಾನ. ಮುದ್ದೆ_ರೇಡಾರ್ ನೂರು ಸಾಲಿನ ಕೋಡು ಬಂಡೆಯನ್ನೇ ನಡೆಸಿತು. ಲಕ್ಷ ಸಾಲಿನ ಕೋಡು ಏನು ನಡೆಸೀತು?

ಹೆಬ್ಬಾಳದ_ಹಿಮಹಕ್ಕಿ · ಭಾನುವಾರ, ರಾತ್ರಿ 8:12

ನ್ಯಾಯವಾದ ಪ್ರಶ್ನೆ. ಇದನ್ನು ನನ್ನ ಗೈಡ್ ಕೂಡ ಕೇಳುತ್ತಾರೆ. ದತ್ತಾಂಶದಲ್ಲಿ ತಪ್ಪಿದ್ದರೆ ಎಐ ಆ ತಪ್ಪಿಗೂ ಒಂದು ಚಂದದ ನಿಯಮ ಹುಡುಕಿ ಕೊಡಬಹುದು. ಆ ಪೇಪರ್ ಬಗ್ಗೆ ನನಗೆ ಖುಷಿ ಇದೆ, ಪೂರ್ತಿ ನಂಬಿಕೆ ಇನ್ನೂ ಬಂದಿಲ್ಲ. ಬೇರೆಯವರು ಬೇರೆ ದಾರಿಯಿಂದ ಅದೇ ಜಾಗಕ್ಕೆ ಬರಲಿ.

ನಮ್ಮ ಹತ್ತಿರದ ಉದಾಹರಣೆ ಬೇಕಾದರೆ ಐಐಎಸ್‌ಸಿಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದವರು 2014ರಲ್ಲಿ ಗಂಗೋತ್ರಿ ಹಿಮನದಿಗೆ ಇದನ್ನೇ ತಿರುಗುಮುರುಗು ಮಾಡಿದರು. ಉಪಗ್ರಹದಿಂದ ವೇಗ, ಇಳಿಜಾರು ತೆಗೆದು ಗ್ಲೆನ್ ನಿಯಮ ಹಾಕಿ ದಪ್ಪ ಅಂದಾಜು ಮಾಡಿದರು. ಮೇಲ್ಭಾಗದಲ್ಲಿ ಸುಮಾರು 540 ಮೀಟರ್, ಮೂತಿಯ ಹತ್ತಿರ 50-60. ಅಲ್ಲಿಗೆ ಡ್ರಿಲ್ ಹೊತ್ತುಕೊಂಡು ಹೋಗುವ ಬದಲು ಮಲ್ಲೇಶ್ವರದ ಪಕ್ಕದಲ್ಲಿ ಕೂತು!

ಮುದ್ದೆ_ರೇಡಾರ್ · ಭಾನುವಾರ, ರಾತ್ರಿ 10:55

ಮಧ್ಯಾಹ್ನ ಎರಡು ಸಲ ಕರೆಂಟ್ ಹೋಯಿತು, ಇಲ್ಲದಿದ್ದರೆ ಆಗಲೇ ಬರೆಯುತ್ತಿದ್ದೆ. ಪೀಣ್ಯ ಹೇಳಿದ ಹಾಗೆ ಒಂದೇ ದಾರಿಯ 16 ದಿನದ ಜೋಡಿ ಹಾಕಿದೆ. ವ್ಯಾಪ್ತಿ 50 ಪಿಕ್ಸೆಲ್. ಲ್ಯಾಪ್‌ಟಾಪ್ ಮೂರು ಗಂಟೆ ಕುಕ್ಕರ್ ತರಹ ಕೂಗಿತು.

ಬಂಡೆಗಳು ನಿಂತವು! 16 ದಿನದಲ್ಲಿ ಸುಮಾರು 2 ಮೀಟರ್ ಅತ್ತಿತ್ತ, ಒಂದೇ ದಿಕ್ಕಿಗಲ್ಲ. ಮಂಜಿನ ನಡುಭಾಗ ದಿನಕ್ಕೆ 30 ಮೀಟರಿನ ಆಸುಪಾಸು. ಅಂಚಿಗೆ ಬಂದಂತೆ ಚಂದವಾಗಿ ಇಳಿಯುತ್ತದೆ, ಈ ಸಲ ಬೇಲಿ ಎಲ್ಲೂ ಕಾಣುತ್ತಿಲ್ಲ.

ಆದರೆ ಮೂತಿಯ ಮುಂದೆ ಒಂದು ಜಾಗದಲ್ಲಿ ಬಾಣಗಳೆಲ್ಲ ದಿಕ್ಕಾಪಾಲು. ಒಂದು ಉತ್ತರಕ್ಕೆ, ಒಂದು ಹಿಂದಕ್ಕೆ. ಅಲ್ಲಿ ಏನು ತಪ್ಪು ಮಾಡಿದೆ?

ಪೀಣ್ಯ_ಪಿಕ್ಸೆಲ್ · ಭಾನುವಾರ, ರಾತ್ರಿ 11:05

ಅಲ್ಲಿ ನಿಮ್ಮದೇನೂ ತಪ್ಪಿಲ್ಲ. ಅದು ಹಿಮನದಿ ಅಲ್ಲ. ಕಳಚಿಬಿದ್ದ ಮಂಜಿನ ಬೆಟ್ಟಗಳು ಕೊಲ್ಲಿಯಲ್ಲಿ ಗುಂಪುಗೂಡಿ ತಿರುಗುತ್ತಾ ತೇಲುತ್ತಿವೆ. 16 ದಿನದಲ್ಲಿ ಯಾವುದು ಯಾವುದೆಂದು ಅವುಗಳ ಅಮ್ಮನಿಗೂ ಗೊತ್ತಾಗುವುದಿಲ್ಲ. ಆ ಭಾಗ ಖಾಲಿ ಬಿಡಿ. ನಕ್ಷೆಯನ್ನು ಇಲ್ಲಿ ಹಾಕಿ, ಬಂಡೆಗಳ ಸಮೇತ.

ಅನುಮಾನ_ಪೆಟ್ಟಿಗೆ · ಭಾನುವಾರ, ರಾತ್ರಿ 11:20

ಕೋಡು ಕೂಡ ಹಾಕಿ. 2012ರ ಬೇಸಿಗೆಯದ್ದನ್ನು ನಾನೇ ಓಡಿಸಿ ನೋಡುತ್ತೇನೆ.

ಪೀಣ್ಯ_ಪಿಕ್ಸೆಲ್ · ಭಾನುವಾರ, ರಾತ್ರಿ 11:24

2012ರಲ್ಲಿ ಲ್ಯಾಂಡ್‌ಸ್ಯಾಟ್ 8 ಹುಟ್ಟಿರಲಿಲ್ಲ, ಅದು ಹೋದದ್ದು 2013ರಲ್ಲಿ. ಲ್ಯಾಂಡ್‌ಸ್ಯಾಟ್ 7 ತೆಗೆದುಕೊಳ್ಳಿ. ಅದರ ಚಿತ್ರದಲ್ಲಿ 2003ರಿಂದ ಕಪ್ಪು ಪಟ್ಟೆಗಳಿವೆ, ನೋಡಿ ಹೆದರಬೇಡಿ.